‘ನನ್ನ ಅಮ್ಮ’, ‘ನನ್ನ ಅಪ್ಪ’ ಪ್ರಬಂಧ: ಮಗು ತಾನೇ ಬರೆಯಲು ಹಂತ ಹಂತದ ಮಾರ್ಗದರ್ಶಿ

ಈ ವಿಷಯ ಕೊಟ್ಟರೆ ಇಡೀ ತರಗತಿಯ ಪ್ರಬಂಧಗಳು ಒಂದೇ ಥರ ಬರುತ್ತವೆ. ಅಮ್ಮ ಬೆಳಿಗ್ಗೆ ಬೇಗ ಏಳುತ್ತಾರೆ. ಅಪ್ಪ ಕಷ್ಟಪಟ್ಟು ದುಡಿಯುತ್ತಾರೆ. ನನಗೆ ಅವರೆಂದರೆ ತುಂಬಾ ಇಷ್ಟ. ಹೆಸರು ಬದಲಿಸಿದರೆ ಯಾರ ಮನೆಗಾದರೂ ಹೊಂದುತ್ತದೆ. ಐದು ಸಾಲು ಬರೆದ ಮೇಲೆ ಮಗು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ, ಪಕ್ಕದಲ್ಲಿ ಕೂತ ದೊಡ್ಡವರು ಉಳಿದದ್ದನ್ನು ಹೇಳಿ ಬರೆಸುತ್ತಾರೆ.

ಮಗುವಿಗೆ ಭಾಷೆ ಬರುವುದಿಲ್ಲ ಅಂತ ಇದಕ್ಕೆ ಅರ್ಥವಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಬರೆಯಲು ಏನೂ ಕೂಡಿಹಾಕದೆ, ಎಲ್ಲಕ್ಕಿಂತ ಕಷ್ಟವಾದ ಮೊದಲ ವಾಕ್ಯದಿಂದಲೇ ಶುರು ಮಾಡುತ್ತದೆ. ಇಲ್ಲಿ ಕ್ರಮ ಬೇರೆ. ಮೊದಲು ನೋಡುವುದು, ಆಮೇಲೆ ಆರಿಸುವುದು, ಬಾಯಲ್ಲಿ ಹೇಳುವುದು, ನಡುವಿನ ಭಾಗ ಬರೆಯುವುದು. ಮೊದಲ ವಾಕ್ಯ ಕೊನೆಗೆ.

ಸುಮಾರು 8ರಿಂದ 13 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಓದಬೇಕಾದವರು ಮಗುವಿನ ಪಕ್ಕ ಕೂರುವ ನೀವು.

## ಏನೇನು ಬೇಕು

ಒಂದು ರಫ್ ಪುಸ್ತಕ, ಪೆನ್ಸಿಲ್, ಬೇರೆ ಬಣ್ಣದ ಒಂದು ಪೆನ್. ರಬ್ಬರ್ ಬೇಡ. ರಬ್ಬರ್ ಇದ್ದರೆ ಮಗು ಒಂದೇ ವಾಕ್ಯವನ್ನು ಅಳಿಸಿ ಬರೆದು, ಅಳಿಸಿ ಬರೆದು ಅರ್ಧ ಗಂಟೆ ಕಳೆಯುತ್ತದೆ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಲಿ.

4 ದಿನ ಸಮಯ ಇಟ್ಟುಕೊಳ್ಳಿ. ದಿನಕ್ಕೆ 20ರಿಂದ 30 ನಿಮಿಷ ಸಾಕು. ನಾಳೆಯೇ ಕೊಡಬೇಕು ಅಂತ ರಾತ್ರಿ ಗೊತ್ತಾದರೆ ಏನು ಮಾಡಬೇಕು ಅನ್ನುವುದು ಕೊನೆಯಲ್ಲಿದೆ.

ಗೈಡ್ ಪುಸ್ತಕ, ಅಂತರ್ಜಾಲದ ಮಾದರಿ ಪ್ರಬಂಧ, ಎಐ ಚಾಟ್ ಇವನ್ನು ಈ 4 ದಿನ ದೂರ ಇಡಿ. ನಕಲು ಸಿಕ್ಕಿಬೀಳುತ್ತದೆ ಅನ್ನುವುದು ಸಣ್ಣ ಕಾರಣ. ಮಾದರಿಯನ್ನು ಒಮ್ಮೆ ಓದಿದ ಮಗುವಿಗೆ ಸ್ವಂತ ಅಮ್ಮ ಕಾಣುವುದೇ ನಿಂತುಹೋಗುತ್ತದೆ, ಅದು ದೊಡ್ಡ ಕಾರಣ. ಮೊಬೈಲ್ ಬೇಕಾಗುವುದು ಒಂದೇ ಕೆಲಸಕ್ಕೆ, 5ನೇ ಹಂತದಲ್ಲಿ ಧ್ವನಿ ರೆಕಾರ್ಡ್ ಮಾಡಲು.

## ಹಂತ 1: ಪ್ರಶ್ನೆಯನ್ನು ಸರಿಯಾಗಿ ಓದಿ

‘ನನ್ನ ತಾಯಿ’ ಬೇರೆ, ‘ತಾಯಿಯ ಮಹತ್ವ’ ಬೇರೆ. ಮೊದಲನೆಯದು ಒಬ್ಬ ವ್ಯಕ್ತಿಯ ಬಗ್ಗೆ. ಎರಡನೆಯದು ಒಂದು ವಿಚಾರದ ಬಗ್ಗೆ, ಅದಕ್ಕೆ ಕಾರಣ ಕೊಟ್ಟು ವಾದ ಮಾಡಬೇಕು. ‘ನನ್ನ ತಾಯಿ’ ಅಂತ ಕೇಳಿದಾಗ ತಾಯಿಯ ಮಹತ್ವ ಬರೆಯುವುದೇ ಎಲ್ಲರೂ ಮಾಡುವ ತಪ್ಪು. ಈ ಮಾರ್ಗದರ್ಶಿ ಮೊದಲನೆಯದಕ್ಕೆ ಮಾತ್ರ.

ಉದ್ದವನ್ನೂ ಈಗಲೇ ಲೆಕ್ಕ ಹಾಕಿ. ಮಗು ತನ್ನ ಪುಸ್ತಕದ ಯಾವುದಾದರೂ 3 ಸಾಲು ತೆಗೆದು, ಒಂದು ಸಾಲಿಗೆ ಎಷ್ಟು ಪದ ಬರುತ್ತದೆ ಅಂತ ಎಣಿಸಲಿ. ಸಾಲಿಗೆ 5 ಪದ ಬಂದರೆ 150 ಪದಕ್ಕೆ 30 ಸಾಲು. ‘150 ಪದ’ ಅಂದರೆ ಹೆದರುವ ಮಗು ‘30 ಸಾಲು’ ಅಂದರೆ ಅಷ್ಟು ಹೆದರುವುದಿಲ್ಲ.

## ಹಂತ 2: ಯಾರ ಬಗ್ಗೆ ಅಂತ ಮಗುವೇ ನಿರ್ಧರಿಸಲಿ

ಅಮ್ಮ ಅಥವಾ ಅಪ್ಪ ಎಂಬ ಆಯ್ಕೆ ಇದ್ದರೆ ಮಗುವನ್ನೇ ಕೇಳಿ. ಮಗು ಆರಿಸದೆ ಬಿಟ್ಟವರು ಮುಖ ಸಣ್ಣದು ಮಾಡಬೇಡಿ. ತಮಾಷೆಗೂ ಬೇಡ, ಮಗು ಆ ತಮಾಷೆಯನ್ನು ನಿಜವೆಂದುಕೊಳ್ಳುತ್ತದೆ.

ಎಲ್ಲ ಮಕ್ಕಳ ಮನೆಯಲ್ಲೂ ಇಬ್ಬರು ಇರುವುದಿಲ್ಲ. ಒಬ್ಬರು ತೀರಿಕೊಂಡಿರಬಹುದು, ಬೇರೆ ಇರಬಹುದು, ದೂರದಲ್ಲಿ ಕೆಲಸ ಮಾಡುತ್ತಿರಬಹುದು. ಅಜ್ಜಿಯೋ ಅತ್ತೆಯೋ ಸಾಕುತ್ತಿರಬಹುದು. ಅಂಥ ಮಗು ತನ್ನನ್ನು ನೋಡಿಕೊಳ್ಳುವವರ ಬಗ್ಗೆ ಬರೆಯಲು ಶಿಕ್ಷಕರ ಒಪ್ಪಿಗೆ ಬೇಕು. ಅದನ್ನು ಮಗುವಿನ ಬಾಯಲ್ಲಿ ಕೇಳಿಸಬೇಡಿ, ದೊಡ್ಡವರೇ ಮೊದಲೇ ಮಾತಾಡಿ. ಶಿಕ್ಷಕರಿಗೂ ಒಂದು ಮಾತು. ‘ನಿಮ್ಮನ್ನು ನೋಡಿಕೊಳ್ಳುವ ಯಾರ ಬಗ್ಗೆಯಾದರೂ ಬರೆಯಬಹುದು’ ಅಂತ ಬೋರ್ಡಿನ ಮೇಲೆ ಎಲ್ಲರಿಗೂ ಸೇರಿಸಿ ಬರೆದರೆ ಯಾವ ಮಗುವೂ ಎದ್ದು ನಿಂತು ಕೇಳಬೇಕಾಗಿಲ್ಲ.

ತೀರಿಕೊಂಡವರ ಬಗ್ಗೆಯೇ ಬರೆಯುತ್ತೇನೆ ಅಂತ ಮಗು ಹೇಳಿದರೆ ತಡೆಯಬೇಡಿ. ಬರೆಯಲೇಬೇಕು ಅಂತ ಒತ್ತಾಯವೂ ಬೇಡ.

## ಹಂತ 3: ಎರಡು ದಿನ ನೋಡುವುದು, ಬರೆದಿಟ್ಟುಕೊಳ್ಳುವುದು

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಪ್ರಬಂಧ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ಮಗು ರಫ್ ಪುಸ್ತಕದಲ್ಲಿ ಈ ಶೀರ್ಷಿಕೆಗಳನ್ನು ಬರೆದು, ಪ್ರತಿಯೊಂದರ ಕೆಳಗೂ ಜಾಗ ಬಿಡಲಿ:

- ಕೈಗಳು ಏನು ಮಾಡುತ್ತಿರುತ್ತವೆ
- ಪದೇ ಪದೇ ಹೇಳುವ ಮಾತು
- ಯಾವಾಗಲೂ ಹುಡುಕುವ ವಸ್ತು
- ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ಮಾಡುವ ಕೆಲಸ
- ನನಗೆ ಸಿಟ್ಟು ಬರಿಸುವ ಒಂದು ಅಭ್ಯಾಸ

ಪೂರ್ತಿ ವಾಕ್ಯ ಬೇಡ, ಚೂರುಪಾರು ಸಾಕು. ‘ಕನ್ನಡಕ ತಲೆ ಮೇಲೆ, ಮನೆಯೆಲ್ಲ ಹುಡುಕಾಟ’, ‘ಫೋನಿನಲ್ಲಿ ಮಾತಾಡುವಾಗ ನಡೆಯುತ್ತಾರೆ, ಕೂರುವುದಿಲ್ಲ’. ಹೀಗೆ 12ರಿಂದ 15 ಚೂರು ಸೇರಬೇಕು. ಅಷ್ಟು ಸೇರುವ ಮೊದಲು ಮುಂದಿನ ಹಂತಕ್ಕೆ ಹೋಗಬೇಡಿ. ಮೊದಲ 4–5 ಚೂರುಗಳು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ, ಒಳ್ಳೆಯವು ಆಮೇಲೆ ಬರುತ್ತವೆ.

ಮಗುವಿಗೆ ಒಂದು ಪರೀಕ್ಷೆ ಹೇಳಿಕೊಡಿ. ‘ಇದರ ಫೋಟೋ ತೆಗೆಯಬಹುದಾ? ಇದನ್ನು ರೆಕಾರ್ಡ್ ಮಾಡಬಹುದಾ?’ ಎರಡಕ್ಕೂ ‘ಇಲ್ಲ’ ಅಂತ ಉತ್ತರ ಬಂದರೆ ಅದು ಪಟ್ಟಿಗೆ ಬೇಡ. ‘ಅಮ್ಮ ತುಂಬಾ ಪ್ರೀತಿ ಮಾಡುತ್ತಾರೆ’ ಅನ್ನುವುದರ ಫೋಟೋ ತೆಗೆಯಲು ಆಗುವುದಿಲ್ಲ. ‘ನಾನು ಮಲಗಿದ ಮೇಲೆ ಬಂದು ಕಿಟಕಿ ಮುಚ್ಚುತ್ತಾರೆ’ ಅನ್ನುವುದರ ಫೋಟೋ ತೆಗೆಯಬಹುದು. ಎಂಟು ವರ್ಷದ ಮಗುವಿಗೂ ಇದು ಸಲೀಸಾಗಿ ಅರ್ಥವಾಗುತ್ತದೆ.

ನೋಡಿದ್ದು ಸಾಲದಿದ್ದರೆ ಮಗು ಕೇಳಲಿ. ಆದರೆ ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂತ ಕೇಳಿದರೆ ಸಿಗುವುದು ಭಾಷಣ. ಸಣ್ಣ ಪ್ರಶ್ನೆಗಳು ಬೇಕು. ನನ್ನ ವಯಸ್ಸಿನಲ್ಲಿ ನಿಮಗೆ ಯಾವುದಕ್ಕೆ ಹೆದರಿಕೆ ಇತ್ತು? ಶಾಲೆಯಲ್ಲಿ ಯಾವ ವಿಷಯ ಅಂದರೆ ಆಗುತ್ತಿರಲಿಲ್ಲ? ಕೆಲಸದಲ್ಲಿ ಮೊದಲ ದಿನ ಏನು ತಪ್ಪು ಮಾಡಿದಿರಿ? ಉತ್ತರ ಒಂದೇ ಸಾಲಿನದಾದರೂ ಪರವಾಗಿಲ್ಲ.

ನೀವೇ ಆ ಅಪ್ಪ ಅಥವಾ ಅಮ್ಮನಾಗಿದ್ದರೆ ಈ ಎರಡು ದಿನ ಸುಮ್ನೆ ಎಂದಿನ ಹಾಗೆ ಇರಿ. ಮಗು ಬರೆದುಕೊಳ್ಳುತ್ತಿದೆ ಅಂತ ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ಅಪ್ಪಂದಿರು ದಿಢೀರನೆ ಪುಸ್ತಕ ಓದಲು ಶುರು ಮಾಡುತ್ತಾರೆ!

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ‘ಒಳ್ಳೆಯವರು’, ‘ತ್ಯಾಗ’, ‘ಮಮತೆ’, ‘ಆದರ್ಶ’ ಇಂಥ ಪದಗಳು ಎರಡಕ್ಕಿಂತ ಜಾಸ್ತಿ ಇದ್ದರೆ ಮಗು ನೋಡುತ್ತಿಲ್ಲ, ಕೇಳಿದ್ದನ್ನು ನೆನಪಿಸಿಕೊಳ್ಳುತ್ತಿದೆ.

## ಹಂತ 4: ಒಂದು ಅಭ್ಯಾಸ, ಒಂದು ಘಟನೆ ಆರಿಸಿ

ಹದಿನೈದು ಚೂರುಗಳನ್ನೂ ತುರುಕಿದರೆ ಅದು ಪ್ರಬಂಧವಾಗುವುದಿಲ್ಲ, ಸಾಮಾನಿನ ಪಟ್ಟಿಯಾಗುತ್ತದೆ. 150–200 ಪದಕ್ಕೆ ಒಂದು ಅಭ್ಯಾಸ ಮತ್ತು ಒಂದು ಘಟನೆ ಸಾಕು. 300 ಪದ ಕೇಳಿದ್ದರೆ ಇನ್ನೊಂದು ಅಭ್ಯಾಸ ಸೇರಿಸಬಹುದು.

ಬಣ್ಣದ ಪೆನ್ನಿನಿಂದ ಮಗು ಒಂದು ಅಭ್ಯಾಸಕ್ಕೆ ಸುತ್ತು ಹಾಕಲಿ. ಯಾವುದನ್ನು ಆರಿಸಬೇಕು? ಮನೆಯವರಿಗೆ ಓದಿ ಹೇಳಿದರೆ ‘ಹೌದು, ಅವರು ಹಾಗೇ’ ಅಂತ ನಗುವಂಥದ್ದನ್ನು. ಆಮೇಲೆ ಆ ಅಭ್ಯಾಸ ಎದ್ದು ಕಂಡ ಒಂದು ದಿನವನ್ನು ನೆನಪಿಸಿಕೊಳ್ಳಲಿ. ಘಟನೆ ದೊಡ್ಡದಾಗಿರಬೇಕಿಲ್ಲ. ಬಹುಮಾನ ಬಂದ ದಿನ, ಪ್ರವಾಸ ಹೋದ ದಿನ ಇವಕ್ಕೆ ಮಕ್ಕಳು ಕೈ ಹಾಕುತ್ತಾರೆ. ಅಲ್ಲಿ ಪ್ರವಾಸದ ವರ್ಣನೆಯೇ ಬೆಳೆದು ಅಮ್ಮ ಮೂಲೆ ಸೇರುತ್ತಾರೆ. ಮಳೆಯಲ್ಲಿ ಕಾದ ಅರ್ಧ ಗಂಟೆ, ಕೀ ಕಳೆದುಹೋದ ಸಂಜೆ, ಹೋಮ್‌ವರ್ಕ್ ಜಗಳ ಇಂಥವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಆರಿಸುವಾಗ ಇನ್ನೊಂದು ಜರಡಿ ಬೇಕು. ಈ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬಹುದು. ಮನೆಯ ಸಾಲ, ಕಾಯಿಲೆ, ದೊಡ್ಡವರ ಜಗಳ ಇವನ್ನು 40 ಜನ ಕೇಳಿದರೆ ನಾಳೆ ಮಗುವಿಗೆ ಮುಜುಗರವಾಗಬಹುದು. ‘ಇದನ್ನು ನಿನ್ನ ಪಕ್ಕ ಕೂರುವವರು ಕೇಳಿದರೆ ಪರವಾಗಿಲ್ವಾ?’ ಅಂತ ಒಂದೇ ಪ್ರಶ್ನೆ ಕೇಳಿ. ನಿರ್ಧಾರ ಮಗುವಿನದು.

ನಿಮ್ಮ ಬಗ್ಗೆ ಹೊಗಳಿಕೆಯಲ್ಲದ ಸಂಗತಿ ಬಂದರೆ ಅದು ಬೇರೆ ಮಾತು. ‘ಅಮ್ಮನಿಗೆ ಸಿಟ್ಟು ಬಂದರೆ ಪಾತ್ರೆಗಳ ಸದ್ದು ಜೋರಾಗುತ್ತದೆ’ ಅಂತ ಮಗು ಬರೆದಿದೆಯಾ? ಅದು ಇರಲಿ. ಇಡೀ ಪುಟದಲ್ಲಿ ಅಮ್ಮ ನಿಜವಾಗಿ ಕಾಣುವ ಸಾಲು ಅದೊಂದೇ ಆಗಿರಬಹುದು.

## ಹಂತ 5: ಬರೆಯುವ ಮೊದಲು ಬಾಯಲ್ಲಿ ಹೇಳಿಸಿ

ಆ ಘಟನೆಯನ್ನು ಮಗು ಯಾರಿಗಾದರೂ ಹೇಳಲಿ. ಕೇಳುವವರು ಅಲ್ಲಿ ಇರದಿದ್ದವರಾಗಿರಬೇಕು. ಎಲ್ಲ ಗೊತ್ತಿರುವ ಅಮ್ಮನಿಗೇ ಹೇಳಿದರೆ ಮಗು ಅರ್ಧ ನುಂಗಿಬಿಡುತ್ತದೆ. 2 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ.

ಕೇಳುವವರು ನಡುವೆ ತಿದ್ದಬಾರದು. ‘ಆಮೇಲೆ?’, ‘ಅವರು ಏನಂದರು?’, ‘ನೀನು ಆಗ ಎಲ್ಲಿದ್ದೆ?’ ಈ ಮೂರು ಪ್ರಶ್ನೆಗಳಷ್ಟೇ. ‘ನಿನಗೆ ಹೇಗನಿಸಿತು?’ ಅಂತ ಮಾತ್ರ ಕೇಳಬೇಡಿ. ಕೇಳಿದರೆ ‘ತುಂಬಾ ಖುಷಿಯಾಯಿತು’ ಅನ್ನುವ ಉತ್ತರ ಬರುತ್ತದೆ, ಅದು ಹಾಗೇ ಪ್ರಬಂಧಕ್ಕೂ ಹೋಗುತ್ತದೆ.

## ಹಂತ 6: ನಡುವಿನಿಂದ ಬರೆಯಲು ಶುರು ಮಾಡಿ

ಪುಟದ ಮೇಲೆ 4 ಸಾಲು ಖಾಲಿ ಬಿಡಿಸಿ. ಪೀಠಿಕೆಗೆ ಆ ಜಾಗ. ಈಗ ರೆಕಾರ್ಡಿಂಗ್ ಕೇಳುತ್ತಾ, ಮೊದಲು ಅಭ್ಯಾಸ, ಆಮೇಲೆ ಘಟನೆ ಬರೆಯಲಿ. 20 ನಿಮಿಷ ನಿಲ್ಲಿಸದೆ ಬರೆಯಬೇಕು. ಕಾಗುಣಿತ ಕೇಳಿದರೆ ‘ಹೇಗೆ ಅನ್ನಿಸುತ್ತೋ ಹಾಗೆ ಬರಿ, ಆಮೇಲೆ ನೋಡೋಣ’ ಅನ್ನಿ.

ಒಂದು ಉದಾಹರಣೆ ನೋಡಿ. ಸಾಮಾನ್ಯವಾಗಿ ಬರುವ ಪ್ರಬಂಧ ಹೀಗಿರುತ್ತದೆ:

> ನನ್ನ ತಂದೆ ತುಂಬಾ ಒಳ್ಳೆಯವರು. ನನ್ನ ತಂದೆ ತುಂಬಾ ಜವಾಬ್ದಾರಿಯುಳ್ಳವರು. ಅವರು ನಮ್ಮನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಇದೇ ಮಗುವಿನ ಪಟ್ಟಿಯಲ್ಲಿ ‘ಬೀಗ ಎಳೆದು ನೋಡುವುದು’ ಅಂತ ಒಂದು ಚೂರು ಇತ್ತು ಅಂದುಕೊಳ್ಳಿ. ಅದನ್ನು ಹಿಡಿದು ಬರೆದರೆ:

> ಮನೆಯಿಂದ ಹೊರಡುವಾಗ ಅಪ್ಪ ಬೀಗ ಹಾಕಿ ಎಳೆದು ನೋಡುತ್ತಾರೆ. ಗೇಟಿನವರೆಗೆ ಹೋಗಿ, ವಾಪಸ್ ಬಂದು ಇನ್ನೊಂದು ಸಲ ಎಳೆಯುತ್ತಾರೆ. ‘ಹಾಕಿದೆ ಅಪ್ಪಾ’ ಎಂದು ನಾನು ಹೇಳುತ್ತೇನೆ. ‘ಗೊತ್ತು’ ಅನ್ನುತ್ತಾರೆ. ಆದರೂ ಎಳೆಯುತ್ತಾರೆ.
>
> ಹೋದ ತಿಂಗಳು ನನಗೆ ಜ್ವರ ಬಂದಿತ್ತು. ರಾತ್ರಿ ಎಚ್ಚರವಾದಾಗ ಅಪ್ಪ ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಬಾಗಿಲಿನವರೆಗೆ ಹೋಗಿ ಮತ್ತೆ ಬಂದು ಮುಟ್ಟಿದರು. ‘ಕಡಿಮೆ ಆಗಿದೆ ಅಪ್ಪಾ’ ಎಂದೆ. ‘ಗೊತ್ತು’ ಅಂದರು.

ಎರಡನೆಯದರಲ್ಲಿ ‘ಜವಾಬ್ದಾರಿ’ ಅನ್ನುವ ಪದ ಇಲ್ಲ, ‘ಪ್ರೀತಿ’ ಅನ್ನುವ ಪದವೂ ಇಲ್ಲ. ಓದುವವರಿಗೆ ಎರಡೂ ಸಿಕ್ಕಿತು, ಅಲ್ವಾ? ಭಾಷೆ ಕೂಡ ಕಷ್ಟದ್ದಲ್ಲ, ನಾಲ್ಕನೇ ತರಗತಿಯ ಮಗುವಿಗೆ ಗೊತ್ತಿರುವ ಪದಗಳೇ. ಈ ಮಾದರಿಯನ್ನು ಮಗುವಿಗೆ ತೋರಿಸಬೇಡಿ, ನಿಮಗಷ್ಟೇ ಇರಲಿ. ತೋರಿಸಿದರೆ ಎಲ್ಲ ಅಪ್ಪಂದಿರೂ ಬೀಗ ಎಳೆಯಲು ಶುರು ಮಾಡುತ್ತಾರೆ.

ಅಪ್ಪ ಅಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಬರೆಯಲಿ. ‘ಬೇಗ ಬಾರೋ’ ಅಂದಿದ್ದರೆ ‘ಬೇಗ ಬಾರೋ’ ಅಂತಲೇ. ಅದನ್ನು ‘ಶೀಘ್ರವಾಗಿ ಬಾ’ ಅಂತ ಮಾಡಿದರೆ ಅಮ್ಮನ ಜಾಗದಲ್ಲಿ ಯಾರೋ ಬೇರೆಯವರು ಬಂದು ನಿಲ್ಲುತ್ತಾರೆ.

ಎಚ್ಚರಿಕೆಯ ಗುರುತು: ಮಗು 3 ನಿಮಿಷಕ್ಕಿಂತ ಜಾಸ್ತಿ ಹೊತ್ತು ನಿಂತರೆ ಪದ ಹೇಳಿಕೊಡಬೇಡಿ, 3ನೇ ಹಂತದ ಪಟ್ಟಿಯನ್ನು ಮುಂದಿಡಿ. ಹಾಗೆ ನಿಲ್ಲುವುದು ಹೆಚ್ಚಾಗಿ ವಿಷಯ ಸಾಲದೆ.

## ಹಂತ 7: ಈಗ ಪೀಠಿಕೆ, ಆಮೇಲೆ ಉಪಸಂಹಾರ

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗ ಶಾಲೆಯಲ್ಲಿ ಕೇಳುತ್ತಾರೆ. ಕೊಡಲೇಬೇಕು. ಆದರೆ ಪೀಠಿಕೆ ಅಂದರೆ ಲೋಕದ ಎಲ್ಲ ತಾಯಂದಿರ ಬಗ್ಗೆ ಮಾತು ಅಂತ ಎಲ್ಲೂ ಹೇಳಿಲ್ಲ. ಗಾದೆ, ಶ್ಲೋಕ, ‘ತಾಯಿಯೇ ಮೊದಲ ಗುರು’ ಇವುಗಳಿಂದ ಶುರುವಾದ ಪ್ರಬಂಧವನ್ನು ಶಿಕ್ಷಕರು ಅದೇ ಸಂಜೆ ಇನ್ನೂ ಹತ್ತು ಸಲ ಓದಿರುತ್ತಾರೆ.

ಪೀಠಿಕೆಗೆ 2–3 ವಾಕ್ಯ ಸಾಕು. ಯಾರು, ಎಲ್ಲಿ ಕಾಣುತ್ತಾರೆ, ಏನು ಮಾಡುತ್ತಿರುತ್ತಾರೆ. ‘ನನ್ನ ಅಮ್ಮ ಬಸ್ ಓಡಿಸುತ್ತಾರೆ. ಮನೆಗೆ ಬಂದ ಮೇಲೂ ಕುರ್ಚಿಯಲ್ಲಿ ನೇರವಾಗಿಯೇ ಕೂರುತ್ತಾರೆ.’ ಹೆಸರು, ಉದ್ಯೋಗ ಹೇಳಲೇಬೇಕು ಅಂತ ಶಿಕ್ಷಕರು ಹೇಳಿದ್ದರೆ ಅದನ್ನೂ ಇಲ್ಲೇ ಒಂದು ವಾಕ್ಯದಲ್ಲಿ ಮುಗಿಸಿ. ವಯಸ್ಸು, ಎತ್ತರ, ಮೈಬಣ್ಣ ಯಾರೂ ಕೇಳದಿದ್ದರೂ ಮಕ್ಕಳು ಬರೆಯುತ್ತಾರೆ. ತೆಗೆಸಿಬಿಡಿ.

ಉಪಸಂಹಾರಕ್ಕೆ ಒಂದು ಅಥವಾ ಎರಡು ವಾಕ್ಯ. ‘ಇಂಥ ತಾಯಿಯನ್ನು ಪಡೆದ ನಾನೇ ಧನ್ಯ’ ಬೇಡ. ಮಗು ಆ ಅಭ್ಯಾಸದ ಬಗ್ಗೆ ಈಗ ಏನು ಮಾಡುತ್ತದೆ ಅನ್ನುವುದು ಸಾಕು. ನಗುತ್ತದಾ, ಅದನ್ನೇ ತಾನೂ ಮಾಡುತ್ತದಾ, ಇನ್ನೂ ಸಿಟ್ಟೇ ಬರುತ್ತದಾ? ಏನಿದೆಯೋ ಅದು.

## ಹಂತ 8: ತಿದ್ದುವುದು, ಒಂದು ಸಲಕ್ಕೆ ಒಂದೇ ತಪ್ಪು

ಬರೆದ ದಿನವೇ ತಿದ್ದಬೇಡಿ. ಮರುದಿನ ಮಗುವೇ ಗಟ್ಟಿಯಾಗಿ ಓದಲಿ, ಬಣ್ಣದ ಪೆನ್ ಅದರ ಕೈಯಲ್ಲೇ ಇರಲಿ. ಎಲ್ಲ ತಪ್ಪನ್ನೂ ಒಂದೇ ಸಲ ಹುಡುಕಲು ಹೋದರೆ ಕಾಗುಣಿತ ಮಾತ್ರ ಕಾಣುತ್ತದೆ. ಕ್ರಮ ಹೀಗಿರಲಿ:

ಮೊದಲು ವಿಷಯ. ಅಲ್ಲಿ ಇರದವರಿಗೆ ಅರ್ಥವಾಗದ ಜಾಗ ಯಾವುದು? ಎಲ್ಲಿ ಏನೋ ಬಿಟ್ಟುಹೋಗಿದೆ? ಫೋಟೋ ಪರೀಕ್ಷೆಯಲ್ಲಿ ಬೀಳುವ ವಾಕ್ಯ ಯಾವುದು?

ಆಮೇಲೆ ಬಹುವಚನ. ಒಂದು ಸಾಲಿನಲ್ಲಿ ‘ಅಮ್ಮ ಬಂದಳು’, ಮುಂದಿನ ಸಾಲಿನಲ್ಲಿ ‘ಅಮ್ಮ ಹೇಳಿದರು’ ಆಗುವುದು ಬಹಳ ಸಾಮಾನ್ಯ. ಮನೆಯಲ್ಲಿ ‘ಅಮ್ಮ ಬಂದ್ಲು’ ಅನ್ನುವ ಮಗು ‘ಬಂದಳು’ ಅಂತ ಬರೆದರೆ ಅದರಲ್ಲಿ ಅಗೌರವವಿಲ್ಲ. ಶಾಲೆಗಳಲ್ಲಿ ‘ಬಂದರು’ ಅನ್ನುವುದನ್ನೇ ಹೆಚ್ಚಾಗಿ ಬಯಸುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಇಡಬೇಕು.

ಕಾಲ. ಅಭ್ಯಾಸಕ್ಕೆ ‘ಎಳೆಯುತ್ತಾರೆ’, ಘಟನೆಗೆ ‘ಎಳೆದರು’. ಘಟನೆಯ ನಡುವೆ ಮಗು ವರ್ತಮಾನಕ್ಕೆ ಜಾರುತ್ತದೆ, ಅಲ್ಲಿ ಹಿಡಿಯಿರಿ.

ವಾಕ್ಯದ ಶುರು. ಪ್ರತಿ ವಾಕ್ಯವೂ ‘ನನ್ನ ಅಮ್ಮ’ ಅಂತಲೋ ‘ಅವರು’ ಅಂತಲೋ ಶುರುವಾಗಿದ್ದರೆ ಅರ್ಧದಷ್ಟನ್ನು ಹೊಡೆದುಹಾಕಬಹುದು. ಕನ್ನಡದಲ್ಲಿ ಕ್ರಿಯಾಪದವೇ ಯಾರು ಅಂತ ಹೇಳಿಬಿಡುತ್ತದೆ. ‘ಅಮ್ಮ ಬಾಗಿಲು ತೆಗೆದರು. ಚಪ್ಪಲಿ ಬಿಟ್ಟರು. ಏನೂ ಮಾತಾಡಲಿಲ್ಲ.’ ಇಲ್ಲಿ ಅಮ್ಮ ಒಂದೇ ಸಲ ಬಂದರೂ ಗೊಂದಲವಿಲ್ಲ. ‘ತುಂಬಾ’ ಎಷ್ಟು ಸಲ ಬಂದಿದೆ ಅಂತಲೂ ಎಣಿಸಿ, ಒಂದನ್ನು ಉಳಿಸಿ.

ಆಡುಮಾತು. ‘ಹೋಗ್ತಾರೆ’, ‘ಮಾಡ್ತಾರೆ’ ಇದ್ದರೆ ‘ಹೋಗುತ್ತಾರೆ’, ‘ಮಾಡುತ್ತಾರೆ’ ಆಗಬೇಕು. ಉದ್ಧರಣ ಚಿಹ್ನೆಯ ಒಳಗಿನ ಮಾತನ್ನು ಮುಟ್ಟಬೇಡಿ.

ಕೊನೆಗೆ ಕಾಗುಣಿತ. ಅ–ಹ, ಲ–ಳ, ನ–ಣ, ಸ–ಶ–ಷ ಇವು ಅದಲುಬದಲಾಗುತ್ತವೆ. ದೀರ್ಘ ಮತ್ತು ಒತ್ತಕ್ಷರ ಬಿಟ್ಟುಹೋಗುತ್ತವೆ. ಮಹಾಪ್ರಾಣಗಳನ್ನು ಬೇರೆಯಾಗಿಯೇ ನೋಡಿ. ಮಗು ಪುಟವನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತಾ ಹೋದರೆ ಕಾಗುಣಿತ ತಪ್ಪು ಬೇಗ ಸಿಗುತ್ತದೆ, ಯಾಕೆಂದರೆ ಅರ್ಥದ ಓಟ ಇರುವುದಿಲ್ಲ.

ನಿಮ್ಮ ಪಾಲಿನ ತಿದ್ದುಪಡಿ ಪ್ರಶ್ನೆಯ ರೂಪದಲ್ಲೇ ಇರಲಿ. ವಾಕ್ಯವನ್ನು ನೀವು ‘ಚೆಂದ’ ಮಾಡಿಕೊಟ್ಟರೆ ಶಿಕ್ಷಕರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ‘ಅವಿರತ’, ‘ನಿಸ್ವಾರ್ಥ’ ಅಂತ ಹತ್ತು ವರ್ಷದ ಮಗು ಬರೆಯುವುದಿಲ್ಲ.

## ಹಂತ 9: ನೀಟಾಗಿ ಬರೆಯುವುದು

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಮಾರ್ಜಿನ್ ಬಿಡಲಿ. ಪೀಠಿಕೆ, ಅಭ್ಯಾಸ, ಘಟನೆ, ಉಪಸಂಹಾರ ಹೀಗೆ ಪ್ರತಿಯೊಂದಕ್ಕೂ ಹೊಸ ಪ್ಯಾರಾ. ಪಕ್ಕದಲ್ಲಿ ಕರಡು ಇಟ್ಟುಕೊಂಡು ಬರೆಯುವಾಗ ಒಂದು ಸಾಲು ಹಾರಿಹೋಗುವುದುಂಟು, ಮುಗಿಸಿದ ಮೇಲೆ ಎರಡನ್ನೂ ಹೋಲಿಸಿ ನೋಡಲಿ.

## ದೊಡ್ಡವರು ಗಮನಿಸಬೇಕಾದ ಬೇರೆ ಗುರುತುಗಳು

ಮಗು ಈ ಒಂದು ವಿಷಯಕ್ಕೆ ಮಾತ್ರ ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಿದ್ದರೆ ಸೋಮಾರಿತನ ಅಂತ ತೀರ್ಮಾನಿಸಬೇಡಿ. ಬೇರೆ ಪ್ರಬಂಧಗಳನ್ನು ಬರೆಯುವ ಮಗು ಇದಕ್ಕೆ ಅಳುತ್ತದೆ ಅಂದರೆ ಒಳಗೆ ಏನೋ ಇದೆ. ಪ್ರಬಂಧವನ್ನು ಬದಿಗಿಟ್ಟು ಮಾತಾಡಿ.

ಬರೆದದ್ದರಲ್ಲಿ ಹೊಡೆತ, ಹೆದರಿಕೆ, ಮನೆಗೆ ಹೋಗಲು ಭಯ ಇಂಥದ್ದು ಕಂಡರೆ ಶಿಕ್ಷಕರು ಅದನ್ನು ಭಾಷೆಯ ದೃಷ್ಟಿಯಿಂದ ತಿದ್ದಿ ಅಂಕ ಹಾಕಿ ಹಿಂದಿರುಗಿಸಬಾರದು. ತರಗತಿಯಲ್ಲಿ ಓದಿಸಬಾರದು. ‘ನೋಡಿ, ನಿಮ್ಮ ಮಗು ಏನು ಬರೆದಿದೆ’ ಅಂತ ನೇರವಾಗಿ ಪೋಷಕರ ಕೈಗೆ ಕೊಡುವುದಂತೂ ಅಪಾಯ. ಬೇರೆ ಮಕ್ಕಳಿಲ್ಲದ ಕಡೆ ಮಗುವಿನ ಜೊತೆ ಶಾಂತವಾಗಿ ಮಾತಾಡಿ, ಹೇಳಿದ್ದನ್ನು ನಂಬಿ, ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ. ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಹೊಣೆ ಶಾಲೆಯಲ್ಲಿ ಯಾರದೋ ಅವರಿಗೆ ಅದೇ ದಿನ ತಿಳಿಸಿ.

## ನಾಳೆಯೇ ಕೊಡಬೇಕಾದರೆ, ಅಥವಾ ಪರೀಕ್ಷೆಯಲ್ಲಿ ಬಂದರೆ

ಒಂದೇ ರಾತ್ರಿ ಇದ್ದರೆ 3ನೇ ಹಂತವನ್ನು 15 ನಿಮಿಷಕ್ಕೆ ಇಳಿಸಿ, ಆದರೆ ಬಿಡಬೇಡಿ. ನೆನಪಿನಿಂದಲೇ 8 ಚೂರು ಬರೆಸಿ, ಒಂದನ್ನು ಆರಿಸಿ, ಒಮ್ಮೆ ಬಾಯಲ್ಲಿ ಹೇಳಿಸಿ, ಬರೆಯಲು ಕೂರಿಸಿ. ಬಿಡಬಹುದಾದದ್ದು ಮರುದಿನದ ತಿದ್ದುಪಡಿ ಮಾತ್ರ. ಅದರ ಬದಲು ಊಟದ ನಂತರ ಒಂದು ಸಲ ಗಟ್ಟಿಯಾಗಿ ಓದಿಸಿ.

ಪರೀಕ್ಷೆಯಲ್ಲಿ ಪ್ರಬಂಧಕ್ಕೆ 20 ನಿಮಿಷ ಸಿಗುತ್ತದೆ ಅಂದುಕೊಳ್ಳಿ. ಮೊದಲ 4 ನಿಮಿಷ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ 5 ಚೂರು ಬರೆದು ಒಂದಕ್ಕೆ ಸುತ್ತು ಹಾಕಬೇಕು. ಪೀಠಿಕೆಗೆ 3 ಸಾಲು ಖಾಲಿ ಬಿಟ್ಟು 12 ನಿಮಿಷ ಬರೆಯಬೇಕು. ಉಳಿದ 4 ನಿಮಿಷದಲ್ಲಿ ಪೀಠಿಕೆ ತುಂಬಿಸಿ, ಬಹುವಚನ ಮತ್ತು ಕಾಲ ಎರಡನ್ನೇ ನೋಡಬೇಕು. ಆ ಚೂರುಗಳ ಮೇಲೆ ಒಂದು ಅಡ್ಡಗೆರೆ ಎಳೆದು ‘ರಫ್’ ಅಂತ ಬರೆದರೆ ಅದನ್ನು ಉತ್ತರ ಅಂದುಕೊಂಡು ಯಾರೂ ತಿದ್ದುವುದಿಲ್ಲ. ಮನೆಯಲ್ಲಿ ಗಡಿಯಾರ ಇಟ್ಟು ಎರಡು ಸಲ ಅಭ್ಯಾಸ ಮಾಡಿಸಿ, ಒಮ್ಮೆ ಅಮ್ಮನ ಬಗ್ಗೆ, ಒಮ್ಮೆ ಬಾಯಿ ಬಿಟ್ಟು ಮಾತೇ ಆಡದ ಒಬ್ಬ ನೆಂಟರ ಬಗ್ಗೆ. ಎರಡನೆಯದರಲ್ಲಿ ಕೈ ಕುದುರುವುದು ಜಾಸ್ತಿ.